ಲೇಖನ ಇನ್ನೂರಿದ್ದರೆ ವೈದ್ಯರು ದೊಡ್ಡವರೇ?

ಸಿಂಧನೂರಿನ ಓದುಗ: ಮುಳ್ಳು ಚುಚ್ಚಿದ ಕಾಲಿನ ಗಾಯ ನಂಜಾಗಿ, ಅದು ಮೈಗೆಲ್ಲ ಏರಿ, ನಮ್ಮ ಮಾವನವರು ರಾಯಚೂರಿನಲ್ಲಿ ಒಂಬತ್ತು ದಿನ ಐಸಿಯುನಲ್ಲಿದ್ದು ಈಗ ಮನೆಗೆ ಬಂದಿದ್ದಾರೆ. ಆಗ ಬಂಧುಗಳೆಲ್ಲ ಹೈದರಾಬಾದಿಗೆ ಒಯ್ಯೋಣವೆಂದು ಹಟ ಹಿಡಿದಿದ್ದರು. ಅಲ್ಲಿನ ವೈದ್ಯರೊಬ್ಬರ ಪರಿಚಯಪತ್ರದಲ್ಲಿ ಇನ್ನೂರು ಸಂಶೋಧನಾ ಲೇಖನಗಳೆಂದು ಬರೆದಿತ್ತು. ಈ ಎಣಿಕೆಯನ್ನು ಎಷ್ಟು ನಂಬಬೇಕು?

ಪಿ.ಜಿ. ವಿದ್ಯಾರ್ಥಿ, ಬಳ್ಳಾರಿ: ಎಣಿಕೆಯನ್ನೇ ನಂಬುವುದಾದರೆ ಜರ್ಮನಿಯ ಅರಿವಳಿಕೆ ತಜ್ಞ ಯೋಆಖಿಮ್ ಬೋಲ್ಟ್ ಅವರನ್ನು ಮೊದಲ ಸಾಲಿನಲ್ಲಿ ಕೂರಿಸಬೇಕಾಗುತ್ತದೆ. ರಕ್ತನಾಳದಲ್ಲಿ ದ್ರವ ಉಳಿಸಲು ಕೊಡುವ ಸ್ಟಾರ್ಚ್ ದ್ರಾವಣ ಸುರಕ್ಷಿತವೆಂದು ಅವರು ಲೇಖನದ ಮೇಲೆ ಲೇಖನ ಬರೆದರು. 2011ರಲ್ಲಿ, ನೈತಿಕ ಸಮಿತಿಯ ಒಪ್ಪಿಗೆಯಿಲ್ಲದ ಅಧ್ಯಯನಗಳೆಂದು, ಪತ್ರಿಕೆಗಳು ಅವುಗಳಲ್ಲಿ ಎಂಬತ್ತಕ್ಕೂ ಹೆಚ್ಚನ್ನು ಹಿಂಪಡೆದವು. ಮರುವರ್ಷ ಸ್ಕ್ಯಾಂಡಿನೇವಿಯಾದ ಸೆಪ್ಸಿಸ್ (ನಿಮ್ಮ ಮಾವನವರಂತೆ ನಂಜು ಮೈಗೆಲ್ಲ ಏರಿದ) ರೋಗಿಗಳ ಪ್ರಯೋಗದಲ್ಲಿ ಸ್ಟಾರ್ಚ್ ಪಡೆದವರಲ್ಲಿ ಶೇ. 51, ರಿಂಗರ್ಸ್ ಅಸಿಟೇಟ್ ಎಂಬ ಲವಣ ದ್ರಾವಣ ಪಡೆದವರಲ್ಲಿ ಶೇ. 43 ಮಂದಿ ತೊಂಬತ್ತು ದಿನಗಳೊಳಗೆ ತೀರಿಕೊಂಡಿದ್ದರು.

ಲೆಕ್ಕದ ಮೇಷ್ಟ್ರು, ಗಂಗಾವತಿ: ಇನ್ನೊಂದು ಲೆಕ್ಕ ಸೇರಿಸುತ್ತೇನೆ. 2013ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದಾಗ ರೋಗಿಗಳ ಸಂಖ್ಯೆ 10,880. ಬೋಲ್ಟ್ ಅವರ ಪಾಲು ಬರೀ 590. ಆ 590ನ್ನು ಹೊರಗಿಟ್ಟ ಮೇಲೆಯೇ ಸ್ಟಾರ್ಚ್‌ನಿಂದ ಸಾವು ಹೆಚ್ಚುವುದು ಸ್ಪಷ್ಟವಾಗಿ ಕಂಡಿತು. ಭತ್ತದ ರಾಶಿಯಲ್ಲಿ ಒಂದು ಬುಟ್ಟಿ ಕಲ್ಲು ಬೆರೆತರೂ ತೂಕ ಸುಳ್ಳಾಗುತ್ತದೆ.

ಹೊಸಪೇಟೆ ರಸ್ತೆ: ಮೇಷ್ಟ್ರೇ, ಒಬ್ಬರ ಮೋಸದಿಂದ ಬರೆಯುವವರನ್ನೆಲ್ಲ ಅನುಮಾನಿಸುವುದು ನ್ಯಾಯವಲ್ಲ. ಡೆಟ್ರಾಯಿಟ್‌ನ ಇಮ್ಯಾನುಯೆಲ್ ರಿವರ್ಸ್ 2001ರಲ್ಲಿ ಕೇವಲ 263 ಸೆಪ್ಸಿಸ್ ರೋಗಿಗಳ ಒಂದು ಲೇಖನ ಪ್ರಕಟಿಸಿ, ಮೊದಲ ಆರು ಗಂಟೆಗಳಲ್ಲಿ ರಕ್ತದೊತ್ತಡ, ರಕ್ತದ ಆಮ್ಲಜನಕ ಇಷ್ಟಿರಬೇಕೆಂದು ಗುರಿಯಿಟ್ಟು ಚಿಕಿತ್ಸೆ ಕೊಟ್ಟರೆ ಸಾವು ಶೇ. 46.5ರಿಂದ 30.5ಕ್ಕೆ ಇಳಿಯುತ್ತದೆಂದರು. ಆ ಒಂದೇ ಲೇಖನ ಜಗತ್ತಿನ ತುರ್ತು ವಿಭಾಗಗಳನ್ನು ಬದಲಿಸಿತು.

ಪಿ.ಜಿ. ವಿದ್ಯಾರ್ಥಿ: ಒಪ್ಪುತ್ತೇನೆ ಸರ್. ಆದರೆ 2014 ಮತ್ತು 2015ರ ಮೂರು ದೊಡ್ಡ ಪ್ರಯೋಗಗಳಲ್ಲಿ ಆ ಲಾಭ ಮತ್ತೆ ಕಾಣಲಿಲ್ಲ. ಅಷ್ಟು ಹೊತ್ತಿಗೆ ಎಲ್ಲ ಕಡೆಯೂ ಬೇಗನೆ ಆ್ಯಂಟಿಬಯೋಟಿಕ್ ಕೊಡುವುದು ರೂಢಿಯಾಗಿದ್ದದ್ದೂ ಒಂದು ಕಾರಣವಿರಬಹುದು. ಹಾಗಿದ್ದರೆ ಆ ಲೇಖನ ಸೋತಿತೋ ಗೆದ್ದಿತೋ ಹೇಳುವುದು ಸುಲಭವಲ್ಲ. ನನಗೆ ಮುಖ್ಯವಾದದ್ದು ಬೇರೆಯವರು ಅದನ್ನು ಪರೀಕ್ಷಿಸಲು ಸಾಧ್ಯವಾಯಿತು ಎಂಬುದು. ಬಡ್ತಿಗೆ ಪ್ರಕಟಣೆ ಬೇಕೆಂಬ ನಿಯಮದಿಂದ ಹುಟ್ಟುವ ಲೇಖನಗಳನ್ನು (ನನ್ನದೂ ಒಂದು ಅದರಲ್ಲಿ ಸೇರುವುದಿದೆ) ಯಾರು ತಿರುಗಿ ನೋಡುತ್ತಾರೆ?

ಐಸಿಯು ಸಿಸ್ಟರ್, ಕೊಪ್ಪಳ: ನೀವು ಹೇಳಿದವೆಲ್ಲ ಶ್ರೀಮಂತ ದೇಶಗಳ ವಾರ್ಡುಗಳು. ಜಾಂಬಿಯಾದಲ್ಲಿ, ಬಹುಪಾಲು ಎಚ್‌ಐವಿ ಇದ್ದ 212 ರೋಗಿಗಳಲ್ಲಿ ಮೊದಲೇ ಹೆಚ್ಚು ದ್ರವ ಏರಿಸುವ ಕ್ರಮವನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು: ಆ ಗುಂಪಿನಲ್ಲಿ ಸತ್ತವರು ಶೇ. 48.1, ಎಂದಿನ ಚಿಕಿತ್ಸೆ ಪಡೆದವರಲ್ಲಿ ಶೇ. 33. ಸೆಪ್ಸಿಸ್‌ಗೆ ಮೈತೂಕದ ಕಿಲೋಗೆ ಮೂವತ್ತು ಮಿ.ಲೀ. ದ್ರವ ಎಂಬ ಚಿಕಿತ್ಸಾ ಸೂಚನೆಯಂತೆ ಐವತ್ತು ಕಿಲೋ ತೂಕದ ಕೂಲಿ ಹೆಣ್ಣುಮಗಳಿಗೆ ಅರ್ಧ ಲೀಟರಿನ ಮೂರು ಬಾಟಲಿ ಹೋಗಬೇಕು. ಎರಡನೆಯದು ಮುಗಿಯುವಾಗಲೇ ಶ್ವಾಸಕೋಶಕ್ಕೆ ನೀರು ಸೇರಿದಂತೆ ಎದೆಯಲ್ಲಿ ಗೊರಗೊರ ಸದ್ದು ಕೇಳಿದರೆ ನಾನು ಡ್ರಿಪ್ ನಿಧಾನಿಸಿ ಡಾಕ್ಟರರನ್ನು ಕರೆಯುತ್ತೇನೆ. ವೈದ್ಯರು ಎಷ್ಟು ಬರೆದಿದ್ದಾರೆಂದು ಕೇಳುವ ಮೊದಲು ಎಂಥ ರೋಗಿಗಳ ಮೇಲೆ ಬರೆದಿದ್ದಾರೆಂದು ಕೇಳಿ.

ಹೊಸಪೇಟೆ ರಸ್ತೆ: ಹಾಗಿದ್ದರೆ ಯಂತ್ರವಿಲ್ಲದ ಊರಿಗೆ ಒಪ್ಪುವ ಸಂಶೋಧನೆ ಇದೆಯೇ ಮೇಡಂ?

ಐಸಿಯು ಸಿಸ್ಟರ್: ಇದೆ. ದಕ್ಷಿಣ ಅಮೆರಿಕದ ಐದು ದೇಶಗಳಲ್ಲಿ 424 ರೋಗಿಗಳ ಮೇಲೆ ನಡೆದದ್ದು, 2019ರಲ್ಲಿ ಪ್ರಕಟವಾಯಿತು. ಬೆರಳ ತುದಿಯನ್ನು ಹತ್ತು ಸೆಕೆಂಡು ಒತ್ತಿ ಬಿಟ್ಟರೆ ರಕ್ತದ ಬಣ್ಣ ಮೂರು ಸೆಕೆಂಡಿನೊಳಗೆ ಮರಳಬೇಕು. ಅದನ್ನು ನೋಡಿಕೊಂಡು ಚಿಕಿತ್ಸೆ ಮಾಡಿದ ಗುಂಪಿನಲ್ಲಿ ಸಾವು ಶೇ. 34.9, ರಕ್ತದ ಲ್ಯಾಕ್ಟೇಟ್ (ಅಂಗಗಳಿಗೆ ಆಮ್ಲಜನಕ ಸಾಲದಾಗ ಏರುವ ವಸ್ತು) ನೋಡಿಕೊಂಡು ಮಾಡಿದವರಲ್ಲಿ ಶೇ. 43.4. ವ್ಯತ್ಯಾಸ ಖಚಿತವೆನ್ನಲು ಅಂಕಿ ಸಾಲಲಿಲ್ಲ ಎಂದು ಅವರೇ ಬರೆದುಕೊಂಡಿದ್ದಾರೆ, ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

ಸಿಂಧನೂರಿನ ಓದುಗ: ಆ ಪರಿಚಯಪತ್ರವನ್ನು ಮತ್ತೆ ತೆಗೆದು ನೋಡಿದೆ, ಎಣಿಕೆಯಿದೆ, ಒಂದು ಲೇಖನದ ಹೆಸರೂ ಇಲ್ಲ. ರಾಯಚೂರಿನಲ್ಲಿ ಮೊದಲ ರಾತ್ರಿ ಅರ್ಧ ಗಂಟೆಗೊಮ್ಮೆ ಒಬ್ಬ ಹುಡುಗಿ ಬಂದು ಮಾವನವರ ತೋರುಬೆರಳನ್ನು ಒತ್ತಿ ಗಡಿಯಾರ ನೋಡುತ್ತಿದ್ದಳು. ಔಷಧಿ ಕೊಡುವುದು ಬಿಟ್ಟು ಇದೇನು ಆಟವೆಂದು ನಾನು ಅವಳ ಮೇಲೆ ರೇಗಿದ್ದೆ.