ಪದಚರ್ಚೆ: ಮನೆಯ ‘ಇನ್ಸುಲೇಶನ್’ಗೆ ಏನನ್ನೋಣ? ಉಷ್ಣ ನಿರೋಧಕವೋ, ಕಾವುತಡೆಯೋ, ಮುಚ್ಚಿಗೆಯೋ?

ಗೆಳೆಯರೇ,

ನಮ್ಮ ಅಪಾರ್ಟ್‌ಮೆಂಟಿನ ಸಂಘದವರು ನಾಲ್ಕು ಪುಟದ ಒಂದು ಕೈಪಿಡಿ ಅಚ್ಚು ಹಾಕಿಸುತ್ತಿದ್ದಾರೆ. ಊರು ಕಲಬುರಗಿ. ಮೇ ತಿಂಗಳಲ್ಲಿ 42 ಡಿಗ್ರಿ ಅಂದರೆ ಇಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಕರೆಂಟ್ ಬಿಲ್ ಏರದ ಹಾಗೆ ಮನೆಯನ್ನು ತಂಪಾಗಿ ಇಟ್ಟುಕೊಳ್ಳೋದು ಹೇಗೆ ಅನ್ನೋದು ವಿಷಯ. ಇಂಗ್ಲಿಷಿನಲ್ಲಿ ಯಾರೋ ತಂದುಕೊಟ್ಟ ಬರಹವನ್ನು ಕನ್ನಡ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಎರಡನೇ ಸಾಲಿಗೇ ಸಿಕ್ಕಿಹಾಕಿಕೊಂಡೆ. ಆ ಸಾಲಿನಲ್ಲಿದ್ದ ಪದ ಇನ್ಸುಲೇಶನ್, ಅಂದರೆ ಬಿಸಿ ದಾಟದ ಹಾಗೆ ಛಾವಣಿಗೋ ಗೋಡೆಗೋ ಹಾಕಿಸುವ ಪದರ.

ಮೊದಲಿಗೆ ‘ಛಾವಣಿಗೆ ಉಷ್ಣ ನಿರೋಧಕ ಹಾಕಿಸಿ’ ಅಂತ ಬರೆದು ಅಮ್ಮನಿಗೆ ಓದಲು ಕೊಟ್ಟೆ. ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದಳು. ಆಮೇಲೆ, “ಉಷ್ಣಕ್ಕ ಮಜ್ಜಿಗಿ ಕುಡೀತಾರ. ಮಾಳಗಿಗಿ ಏನು ಕುಡಿಸ್ತಿ?” ಅಂದಳು.

ಅವಳ ಮಾತು ಸರಿ. ಉಷ್ಣ ಅನ್ನೋದು ನಮಗೆ ಮೈಯ ಸಂಗತಿ. ಪಪ್ಪಾಯಿ ಉಷ್ಣ, ಕಣ್ಣುರಿದರೆ ಉಷ್ಣ. ಗೋಡೆಗೆ ಉಷ್ಣ ಆಗಿದೆ ಅಂತ ಯಾರೂ ಅನ್ನೋದಿಲ್ಲ, ಅಲ್ವಾ? ಇನ್ನು ‘ನಿರೋಧಕ’. ವಿಜ್ಞಾನದ ಪಾಠದಲ್ಲಿ ಇದು ಕರೆಂಟಿಗೆ ಅಡ್ಡಿ ಮಾಡುವ ರೆಸಿಸ್ಟರ್. ಡಾಕ್ಟರ ಬಾಯಲ್ಲಿ ರೋಗ ನಿರೋಧಕ ಶಕ್ತಿ. ನಮ್ಮ ಮಾವನ ವಯಸ್ಸಿನವರಿಗಂತೂ 1968ರಲ್ಲಿ ಸರ್ಕಾರ ಹೊರತಂದ ‘ನಿರೋಧ್’ ನೆನಪಾಗಿ ನಗು ಬರುತ್ತದೆ. ‘ಅವಾಹಕ’ ಶಾಲೆಯಲ್ಲಿ ಓದಿದ್ದು. ರಬ್ಬರು ಅವಾಹಕ, ಮರ ಅವಾಹಕ. ಅದು ವಸ್ತುವಿನ ಗುಣ ಹೇಳುವ ಪದ. ಮನೆಗೆ ಹಾಕಿಸುವ ಒಂದು ಪದರಕ್ಕೆ ಒಗ್ಗುವುದಿಲ್ಲ.

ಹಾಗಾದರೆ ಇನ್ಸುಲೇಶನ್ ಅಂತಲೇ ಬಿಟ್ಟರೆ? ಅದನ್ನೂ ಮಾಡಿ ನೋಡಿದೆ. ನಮ್ಮ ಗೌಂಡಿಯನ್ನು ಕರೆದು, ಮಾಳಿಗೆಗೆ ಇನ್ಸುಲೇಶನ್ ಮಾಡಿಕೊಡ್ತೀಯಾ ಅಂತ ಕೇಳಿದೆ. “ಅದು ನಮ್ಮ ಕೆಲಸ ಅಲ್ರಿ, ವೈರಿಂಗ್‌ನವರಿಗಿ ಕರೀರಿ” ಅಂದ. ಅವನಿಗೆ ಇನ್ಸುಲೇಶನ್ ಅಂದರೆ ವೈರಿಗೆ ಸುತ್ತುವ ಕಪ್ಪು ಟೇಪು. ಹೀಗಾಗಿ ಇಂಗ್ಲಿಷ್ ಪದವೂ ಊರೊಳಗೆ ಬೇರೆ ಕೆಲಸಕ್ಕೆ ಸೇರಿಬಿಟ್ಟಿದೆ. ಥರ್ಮಾಕೋಲ್ ಹಲಗೆ, ಬಿಳಿ ಪೇಂಟು ಅಂತ ಬಿಡಿಸಿ ಹೇಳಿದ ಮೇಲೆ, “ಹೀಟ್ ಬರಲಾರದಂಗ ಮಾಡ್ಬೇಕೇನ್ರಿ?” ಅಂದ. ಬೇಕಿದ್ದ ಅರ್ಥ ಪೂರ್ತಿ ಅಲ್ಲಿತ್ತು. ಒಂದು ಪದ ಮಾತ್ರ ಇರಲಿಲ್ಲ.

ಇಲ್ಲಿಂದ ಇನ್ನೊಂದು ತೊಡಕು ಶುರು. ತಡೆಯಬೇಕಾದದ್ದು ಯಾವ ಬಿಸಿ? ಇಂಗ್ಲಿಷಿನಲ್ಲಿ ಎಲ್ಲದಕ್ಕೂ ಹೀಟ್ ಅಂದರೆ ಮುಗೀತು. ನಮ್ಮಲ್ಲಿ ಝಳ ಬೇರೆ, ಕಾವು ಬೇರೆ, ಸೆಕೆ ಬೇರೆ. ನಾವಿರೋದು ಕೊನೇ ಮಹಡಿ. ರಾತ್ರಿ ಒಂಬತ್ತಕ್ಕೆ ಸ್ಟೂಲು ಹತ್ತಿ ಅಂಗೈಯನ್ನು ಸ್ಲ್ಯಾಬಿನಿಂದ ನಾಲ್ಕು ಬೆರಳು ದೂರ ಹಿಡಿಯಿರಿ. ಮುಟ್ಟದೆಯೇ ಬಿಸಿ ಬಡಿಯುತ್ತದಲ್ಲ, ಅದು ಝಳ. ಮುಟ್ಟಿದರೆ ಸಿಗೋದು ಕಾವು. ಹಗಲೆಲ್ಲ ಬಿಸಿಲು ಕುಡಿದ ಐದಿಂಚಿನ ಕಾಂಕ್ರೀಟು ಆ ಕಾವನ್ನು ನಿಧಾನವಾಗಿ ಕೆಳಗೆ ದಾಟಿಸುತ್ತದೆ. ಹೊರಗೆ ಗಾಳಿ ತಂಪಾಗೋ ಹೊತ್ತಿಗೆ ಒಳಗೆ ಕಾದ ಹಂಚಿನ ಕೆಳಗೆ ಮಲಗಿದ ಹಾಗೆ. “ಮ್ಯಾಲಿಂದ ಝಳ ಹೊಡೀಲತ್ತದ” ಅಂತ ಅಮ್ಮ ದಿನಾ ಹೇಳುತ್ತಾಳೆ. ಫ್ಯಾನು ಹಾಕಿದರೆ ಗಾಳಿ ಬರುತ್ತದೆ, ಝಳ ಹೋಗುವುದಿಲ್ಲ. ತಾರಸಿಗೆ ಬಿಳಿ ಬಳಿದರೆ ಬಿಸಿಲು ಅಲ್ಲೇ ತಿರುಗಿಹೋಗಿ ಸ್ಲ್ಯಾಬು ಕಾಯುವುದೇ ಕಡಿಮೆ. ಥರ್ಮಾಕೋಲ್ ಹಾಕಿದರೆ ಕಾವು ಕೆಳಗಿಳಿಯುವುದು ಕಡಿಮೆ. ಎರಡೂ ಬೇರೆ ಬೇರೆ ಕೆಲಸ. ನನ್ನ ಕೈಯಲ್ಲಿದ್ದ ಇಂಗ್ಲಿಷ್ ಬರಹ ಎರಡನ್ನೂ ಒಂದೇ ಬುಟ್ಟಿಗೆ ಹಾಕಿತ್ತು.

ಸೆಕೆ ಮೂರನೆಯದು. ಅದು ಮಂಗಳೂರಿನವರ ಸ್ವತ್ತು. ಗಾಳಿಯಲ್ಲಿ ನೀರಿನ ಪಸೆ ಜಾಸ್ತಿಯಾಗಿ ಬೆವರು ಆರದೆ ಮೈ ಅಂಟುವ ಸ್ಥಿತಿ. ನಮ್ಮಲ್ಲಿ ಬೇಸಿಗೆಯ ಗಾಳಿ ಒಣಗಿರುತ್ತದೆ. ಹಾಗಾಗಿ ನೀರು ಹಾಕುವ ಕೂಲರ್ ಚೆನ್ನಾಗಿ ನಡೆಯುತ್ತದೆ. ಲಾವಂಚದ ತಟ್ಟಿಗೆ ನೀರು ಚಿಮುಕಿಸಿ ಕಿಟಕಿಗೆ ಕಟ್ಟಿದರೂ ಸಾಕು. ಅದೇ ಕೂಲರನ್ನು ಮಂಗಳೂರಿಗೆ ಒಯ್ದರೆ ಸೆಕೆಗೆ ಇನ್ನಷ್ಟು ನೀರು ಕುಡಿಸಿದ ಹಾಗೆ. ‘ಸೆಕೆಗೆ ಕೂಲರ್ ಬೇಡ, ಧಗೆಗೆ ಇರಲಿ’ ಅಂತ ಒಂದೇ ಸಾಲಿನಲ್ಲಿ ಹೇಳಲು ಬರುವ ಭಾಷೆ ನಮ್ಮದು. ಅದನ್ನು ಬಿಟ್ಟು ‘ಅಧಿಕ ಉಷ್ಣತೆ ಹಾಗೂ ಆರ್ದ್ರತೆಯ ಪರಿಸ್ಥಿತಿಯಲ್ಲಿ’ ಅಂತ ಬರೆದಿದ್ದೆ. ಹೊಡೆದುಹಾಕಿದ್ದೇನೆ.

ಆ ಬರಹ ಚಳಿ ದೇಶದ್ದು ಅನ್ನೋದು ಮೂರನೇ ಪುಟಕ್ಕೆ ಬಂದಾಗ ಗೊತ್ತಾಯಿತು. ಬಿಸಿ ಹೊರಗೆ ಹೋಗದ ಹಾಗೆ ನೋಡಿಕೊಳ್ಳಿ ಅಂತ ಪುಟ ತುಂಬ ಬರೆದಿದ್ದರು! ಕೆನಡಾದಲ್ಲಿರುವ ಅಕ್ಕನನ್ನು ಫೋನಿನಲ್ಲಿ ಕೇಳಿದೆ, ನೀವು ಇದಕ್ಕೆ ಏನಂತೀರಿ ಅಂತ. “ಅಟ್ಟಕ್ಕ ಕಂಬಳಿ ಹೊದಿಸೋದು ಅಂತೀವಿ” ಅಂದಳು. ಅವರ ಮನೆಯ ಅಟ್ಟದಲ್ಲಿ ಮೊಣಕಾಲುದ್ದ ಗಾಜಿನ ಉಣ್ಣೆ ಹಾಸಿದ್ದಾರಂತೆ. ಕಂಬಳಿ ಒಳ್ಳೇ ಪದ. ಅದು ಚಳಿಗೆ ಮಾತ್ರ ಅನ್ನೋರಿಗೆ ಜಾತ್ರೆಯ ಐಸ್ ಮಾರುವವನನ್ನು ನೆನಪಿಸುತ್ತೇನೆ. ಅವನು ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿಟ್ಟು ಮೇಲೆ ಗೋಣಿ ಹೊದಿಸುತ್ತಿದ್ದ, ಕರಗದಿರಲಿ ಅಂತ. ಹೊಟ್ಟಿನ ನಡುವೆ ಸಿಕ್ಕಿಬಿದ್ದ ಗಾಳಿ ಕಾವನ್ನು ಎರಡೂ ಕಡೆಯಿಂದ ತಡೆಯುತ್ತದೆ. ಕಂಬಳಿಯಲ್ಲೂ ಅದೇ, ಥರ್ಮಾಕೋಲಿನಲ್ಲೂ ಅದೇ.

ಅಂದಹಾಗೆ, ‘ಮನೆಯನ್ನು ಕಾಯಿಸು’ ಅಂತ ಬರೆಯಬಹುದೇ? ನನ್ನ ಕಿವಿಗೆ ಹಾಲು, ನೀರು ಮಾತ್ರ ಕಾಯಿಸುವಂಥವು. ಮನೆಯನ್ನು ಬೆಚ್ಚಗೆ ಮಾಡುತ್ತೇವೆ. ಆದರೆ ಬೆಂಕಿ ಮುಂದೆ ಕೂತವರು ‘ಚಳಿ ಕಾಯಿಸಿಕೊಳ್ಳುತ್ತಾರೆ’. ಕಾಯೋದು ಮೈ, ಹೆಸರು ಚಳಿಗೆ. ಇದು ಹೇಗೆ ಬಂತು ಅಂತ ಬಲ್ಲವರು ಹೇಳಿ.

ಈಗ ನನ್ನ ಮನಸ್ಸು ವಾಲಿರುವ ಪದ. ಕರಾವಳಿ, ಮಲೆನಾಡಿನ ಹಳೇ ಮನೆಗಳಲ್ಲಿ ಹೆಂಚಿನ ಮಾಡಿನ ಕೆಳಗೆ ಮರದ ಹಲಗೆ ಜೋಡಿಸಿ, ಅದರ ಮೇಲೆ ಮಣ್ಣು ಹಾಸುತ್ತಿದ್ದರಲ್ಲ, ಅದು ಮುಚ್ಚಿಗೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಹೆಂಚು ಮಳೆ ತಡೆಯಿತು, ಝಳ ತಡೆಯಲಿಲ್ಲ. ಆ ಕೆಲಸ ಮುಚ್ಚಿಗೆಯದು. ನಡುವೆ ಗಾಳಿ, ಕೆಳಗೆ ಮಣ್ಣು, ಅದರ ಕೆಳಗೆ ಮರ. ಇದಕ್ಕಿಂತ ಒಳ್ಳೇ ಇನ್ಸುಲೇಶನ್ ಬೇಕಾ? ಮಾಡಿಗೆ ಬೆಂಕಿ ಬಿದ್ದರೂ ಮಣ್ಣು ಅದನ್ನು ಕೆಳಗಿಳಿಯಲು ಬಿಡುತ್ತಿರಲಿಲ್ಲ. ‘ಛಾವಣಿಗೆ ಮುಚ್ಚಿಗೆ ಹಾಕಿಸಿ’ ಅಂದರೆ ಕುಂದಾಪುರದವರಿಗೆ ತಕ್ಷಣ ಅರ್ಥವಾದೀತು. ನಮ್ಮ ಗೌಂಡಿಗೆ ಆಗಲಿಲ್ಲ. ಅವನಿಗೆ ಗೊತ್ತಿರೋದು ಮೇಲ್ಮುದ್ದೆ. ಮಣ್ಣಿನ ಮಾಳಿಗೆ ಮನೆಯ ಮೇಲೆ ದಪ್ಪಗೆ ಮಣ್ಣು ಬಡಿದು ಮಾಡುವಂಥದ್ದು. ಅದೂ ತಂಪೇ, ಆದರೆ ಹೊಸ ಮನೆಯವರು ಅದನ್ನು ಬಡವರ ಮನೆ ಅಂತ ಮೂಗು ಮುರಿಯುತ್ತಾರೆ.

ಗೋಡೆ, ಪೈಪು, ಫ್ರಿಜ್ಜು ಎಲ್ಲಕ್ಕೂ ಸಲ್ಲುವ ಒಂದು ಪದ ಬೇಕಾದರೆ ‘ಕಾವುತಡೆ’ ಇಟ್ಟುಕೊಂಡಿದ್ದೇನೆ. ‘ಶಾಖತಡೆ’ ಅಂತ ಗೆಳೆಯರೊಬ್ಬರು ತಿದ್ದಿದರು. ಶಾಖ ಅಂದರೆ ನನಗೆ ಉಪ್ಪಿನ ಗಂಟಿನಿಂದ ಮೊಣಕಾಲಿಗೆ ಕೊಡುವುದು ನೆನಪಾಗುತ್ತದೆ. ಕಾವು ಅಂದರೆ ಕೋಳಿ ನೆನಪಾಗುತ್ತದೆ ಅಂತ ಅವರು ತಿರುಗಿ ಹೇಳಿದರು. ಸರಿಸಮ.

ಸಣ್ಣಪುಟ್ಟವು ಇನ್ನೂ ಇವೆ. ಕಿಟಕಿಯ ಸಂದಿನಿಂದ ತಂಪು ಗಾಳಿ ಹೊರಹೋಗುವುದಕ್ಕೆ ‘ಸೋರಿಕೆ’ ಅಂತ ಬರೆದಿದ್ದೆ. ಆದರೆ ‘ಏಸಿ ಸೋರುತ್ತಿದೆ’ ಅಂದರೆ ಎಲ್ಲರೂ ಬಕೆಟ್ ತರುತ್ತಾರೆ. ‘ಒಂದೂವರೆ ಟನ್ ಏಸಿ’ ಅಂದರೆ ತೂಕ ಅಂದುಕೊಂಡವರು ನಮ್ಮ ಸಂಘದಲ್ಲೇ ಇಬ್ಬರಿದ್ದಾರೆ. ಅದು ಐಸಿನ ಕಾಲದ ಲೆಕ್ಕ. ಅಮೆರಿಕದ ಒಂದು ಟನ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗಲು ಎಷ್ಟು ಕಾವು ಬೇಕೋ ಅಷ್ಟನ್ನು ಹೊರಹಾಕುವ ಶಕ್ತಿ, ಸುಮಾರು 3.5 ಕಿಲೋವಾಟ್. ಇದನ್ನು ಅಡಿಟಿಪ್ಪಣಿ ಮಾಡಿದೆ.

‘ದಕ್ಷತೆ’ ಮಾತ್ರ ಇನ್ನೂ ಕಾಡುತ್ತಿದೆ. ಏಸಿಗಳ ಮೇಲೆ 2006ರಿಂದ ಸ್ಟಾರ್ ಅಂಟಿಸುತ್ತಿದ್ದಾರಲ್ಲ, ಅದು ಹೇಳುವ ಗುಣ. ಇದು ಉಳಿತಾಯ ಅಲ್ಲ. ಏಸಿ ಆರಿಸಿ ಬೆವರುತ್ತ ಕೂತರೂ ಉಳಿತಾಯವೇ. ಅಷ್ಟೇ ಕರೆಂಟಿಗೆ ಜಾಸ್ತಿ ತಂಪು ಸಿಗಬೇಕು. ಮೈಸೂರು ಕಡೆಯವರು ಹಳೇ ಅಕ್ಕಿಯ ಬಗ್ಗೆ ‘ಒದಗುತ್ತೆ’ ಅನ್ನುತ್ತಾರೆ, ಒಂದು ಪಾವು ಹಾಕಿದರೆ ಪಾತ್ರೆ ತುಂಬ ಅನ್ನ. ನನಗೆ ಬೇಕಾದ ಅರ್ಥ ಅದೇ. ‘ಈ ಏಸಿಯಲ್ಲಿ ಕರೆಂಟು ಒದಗುತ್ತದೆ’ ಅಂದರೆ ವಿಚಿತ್ರವಾಗಿ ಕೇಳುತ್ತದೆಯೇ? ನಮ್ಮ ಕಡೆ ‘ಬರ್ಕತ್ತು’ ಅಂತೀವಿ, ಅದು ದಕ್ಷಿಣದವರಿಗೆ ತಿಳಿಯುತ್ತದೆಯೋ ಇಲ್ಲವೋ.

ಬೀದರ್, ಬಳ್ಳಾರಿ, ಕೊಡಗಿನ ಕಡೆ ಮಾಳಿಗೆಯ ಕಾವು ತಡೆಯುವ ಪದರಕ್ಕೆ ಬೇರೆ ಹೆಸರಿದ್ದರೆ ತಿಳಿಸಿ. ಕಟ್ಟಡದ ಕೆಲಸದವರ ಬಾಯಲ್ಲಿ ಕೇಳಿದ್ದಾದರೆ ಇನ್ನೂ ಒಳ್ಳೇದು. ಪ್ರೂಫು ಸೋಮವಾರ ಹೋಗಬೇಕು. ಮೊದಲ ಪುಟದ ತಲೆಬರಹದಲ್ಲಿ ಸದ್ಯಕ್ಕೆ ‘ಮಾಳಿಗೆಗೆ ______ ಹಾಕಿಸಿ’ ಅಂತ ಖಾಲಿ ಬಿಟ್ಟಿದ್ದೇನೆ. ಅಮ್ಮ ಅಲ್ಲಿ ಪೆನ್ಸಿಲಿನಲ್ಲಿ ‘ಮಜ್ಜಿಗಿ’ ಅಂತ ಬರೆದಿಟ್ಟಿದ್ದಾಳೆ.