‘ಅವಲ್ಷನ್ ಫ್ರ್ಯಾಕ್ಚರ್’ಗೆ ಮನೆಯಲ್ಲಿ ಏನೆನ್ನುವುದು?

ಬಲ್ಲವರಲ್ಲಿ ಒಂದು ಪ್ರಶ್ನೆ.

ಜುಲೈ ಮಳೆಯಲ್ಲಿ ಕಾಫಿ ಕಣದ ಮೆಟ್ಟಿಲಿನ ಹಾವಸೆಗೆ ಜಾರಿ ನನ್ನ ಎಡಪಾದ ಒಳಕ್ಕೆ ಮಡಚಿಕೊಂಡಿತು. ಮಡಿಕೇರಿಗೆ ಹೋಗಿ ‘ಕಾಲಿನ ಗಂಟು’ ಅಂದೆ, ಡಾಕ್ಟರು ಮೊಣಕಾಲು ಮುಟ್ಟಿ ನೋಡಿದರು! ಪಾದದ ಮೇಲಿನ ಕೀಲಿಗೆ ‘ಹರಡು’ ಎನ್ನಬೇಕಿತ್ತು, ನಾಲಿಗೆಗೆ ಬರಲಿಲ್ಲ. ಎಕ್ಸ್‌ರೇಯಲ್ಲಿ ಹೊರಹರಡಿನ ತುದಿಯಿಂದ ಅಕ್ಕಿಕಾಳಿನಷ್ಟು ಮೂಳೆ ಬೇರೆಯಾಗಿ ಕಂಡಿತು. ಇದೇ ‘ಅವಲ್ಷನ್ ಫ್ರ್ಯಾಕ್ಚರ್’ ಅಂತೆ. ಚೂರು ಸಣ್ಣದು, ದೂರ ಸರಿದಿಲ್ಲ, ಆಪರೇಷನ್ ಬೇಡ, 6 ವಾರ ಹರಡು ಅಲುಗದಂತೆ ಹಿಡಿಯುವ ಬೂಟು ಹಾಕಿ ಎಂದರು.

ತೊಡಕು ಶುರುವಾದದ್ದು ಮನೆಯಲ್ಲಿ. ‘ಉಳುಕು’ ಅಂದೆ. ಅತ್ತೆ ಕೊಬ್ಬರಿ ಎಣ್ಣೆ ಬಿಸಿಗಿಟ್ಟು, ಉಳುಕು ತೆಗೆಯುವವರಿಗೆ ಹೇಳಿ ಕಳಿಸಿದರು. ಕಿತ್ತ ಮೂಳೆಯ ಮೇಲೆ ನೀವಿಸಿಕೊಳ್ಳುವುದೇ? ಗಾಬರಿಯಿಂದ ‘ಮುರಿದಿದೆ’ ಅಂದೆ. ‘ಮತ್ತೆ ರಾಡ್ ಹಾಕಿಸದೆ ಯಾಕೆ ಬಂದೆ ಮಗಾ?’ ಕೊನೆಗೆ ‘ಫ್ರ್ಯಾಕ್ಚರ್’ ಅಂದಾಗ, ‘ಸದ್ಯ, ಮುರಿದಿಲ್ಲವಲ್ಲ!’ ಫ್ರ್ಯಾಕ್ಚರ್ ಅಂದರೂ ಮುರಿತವೇ. ನಮ್ಮ ಬಾಯಲ್ಲಿ ಮಾತ್ರ ಅದು ಬಿರುಕಿನ ಮಟ್ಟಕ್ಕೆ ಇಳಿದಿದೆ.

ಅವಲ್ಷನ್ ಲ್ಯಾಟಿನ್ ಮೂಲದ್ದು, ಕಿತ್ತೆಳೆಯುವುದು ಎಂದರ್ಥ. ಮೂಳೆಗೂ ಮೂಳೆಗೂ ಬಿಗಿದ ಲಿಗಮೆಂಟ್ ಹರಿಯುವ ಬದಲು ತಾನು ಅಂಟಿದ್ದ ಜಾಗದ ಚೂರನ್ನೇ ಕಿತ್ತುಕೊಂಡು ಬರುತ್ತದೆ. ದನ ಜಗ್ಗಿದಾಗ ಹಗ್ಗ ಉಳಿದು ಗೂಟ ಕಿತ್ತಂತೆ ಎಂದು ವಿವರಿಸುತ್ತಿದ್ದೆ. ತೋಟದ ಕೆಲಸಕ್ಕೆ ಬರುವ ಅಕ್ಕ, ‘ಕಳೆ ಕಿತ್ತಾಗ ಬೇರಿಗೆ ಮಣ್ಣು ಹತ್ತಿ ಬರ್ತದಲ್ಲ, ಹಾಗಾ?’ ಅಂದರು. ನನ್ನ ಗೂಟಕ್ಕಿಂತ ಅದೇ ವಾಸಿ.

‘ಚಕ್ಕೆಮುರಿತ’ ಎನ್ನಬಹುದು, ಆದರೆ ಅದು ಏಟು ಬಿದ್ದು ಚಕ್ಕೆ ಎದ್ದಂತೆ ಕೇಳುತ್ತದೆ, ಎಳೆತ ಕಾಣದು. ‘ಕೀಳುಮುರಿತ’ ಎಂದರೆ ಮೇಲ್ಮುರಿತ ಯಾವುದೆಂದು ಕೇಳಿಯಾರು. ‘ಸೆಳೆಮುರಿತ’ ನನಗೆ ಹಿಡಿಸಿದೆ. ಅತ್ತೆಗೆ ಹೇಳಿ ನೋಡಿದೆ, ‘ಹೊಳೆಯಲ್ಲಿ ಬಿದ್ದೆಯಾ?’ ಅಂದರು.

ಚೀಟಿಯಲ್ಲಿದ್ದ ‘ವೇಟ್ ಬೇರಿಂಗ್ ಆ್ಯಸ್ ಟಾಲರೇಟೆಡ್’ಗೆ ಮಾತ್ರ ತಲೆ ಕೆರೆದುಕೊಳ್ಳಬೇಕಾಗಲಿಲ್ಲ. ‘ತಾಳುವಷ್ಟು ಕಾಲೂರು.’ ‘ಭಾರ ಹೊರಿಸುವಿಕೆ’ ಎಂದೆಲ್ಲ ಬರೆಯುವವರು ಈ ‘ಕಾಲೂರು’ವನ್ನು ಯಾಕೆ ಮರೆತರೋ.

ಇನ್ನೊಂದು ಅನುಮಾನ. ನಾವು ‘ಮೂಳೆ ಕೂಡಿತು’ ಎನ್ನುತ್ತೇವೆ. ಇಂಥ ಸಣ್ಣ ಚೂರು ಕೆಲವೊಮ್ಮೆ ಮೂಳೆಯಾಗಿ ಬೆಸೆಯದೆ ಬರೀ ನಾರಿನ ಹಿಡಿತದಲ್ಲಿ ನಿಲ್ಲುವುದುಂಟು. ಎಕ್ಸ್‌ರೇಯಲ್ಲಿ ಬೇರೆಯಾಗಿಯೇ ಕಂಡರೂ ನಡೆಯುವಾಗ ನೋವಿಲ್ಲದಿರಬಹುದು. ಅದನ್ನು ‘ಕೂಡಿತು’ ಎನ್ನಲಾಗದು, ‘ಕೂಡಲಿಲ್ಲ’ ಎಂದರೆ ಮನೆಯವರು ಹೆದರುತ್ತಾರೆ. ‘ಕಚ್ಚಿಕೊಂಡಿದೆ’ ಎನ್ನಬಹುದೇ?

ನಿಮ್ಮ ಕಡೆ ಏನೆನ್ನುತ್ತೀರಿ, ಬೇಗ ತಿಳಿಸಿ. ನನಗಿದು ನಾಲ್ಕನೇ ವಾರ, ಎಣ್ಣೆ ಬಟ್ಟಲು ಇನ್ನೂ ಒಲೆಯ ಪಕ್ಕದಲ್ಲೇ ಇದೆ.