ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದೆ, ಎಸ್‌ಎಸ್‌ಡಿ ಹಾಕಿದರೆ ನನ್ನ ನುಡಿ, ಪೇಜ್‌ಮೇಕರ್ ಗತಿ ಏನು?

ಲಗ್ನಪತ್ರಿಕೆ:
ಎಲ್ಲರಿಗೂ ನಮಸ್ಕಾರ. ನನ್ನದು ತಿಪಟೂರು ಕಡೆ ಒಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಗೃಹಪ್ರವೇಶ, ತಿಥಿ ಕಾರ್ಡು, ಬಿಲ್ ಬುಕ್ಕು, ಇಷ್ಟೇ. 2015ರಲ್ಲಿ ತಗೊಂಡ ಲ್ಯಾಪ್‌ಟಾಪು, 500 ಜಿಬಿ ಹಾರ್ಡ್ ಡಿಸ್ಕು, 4 ಜಿಬಿ ರ‍್ಯಾಮು, ವಿಂಡೋಸ್ 10. ಒಂದು ವಾರದಿಂದ ಒಳಗಿಂದ ಟಿಕ್ ಟಿಕ್ ಸದ್ದು. ಆನ್ ಮಾಡಿ ಟೀ ಕುಡಿದು ಬಂದರೂ ಪೂರ್ತಿ ತೆರೆದಿರುವುದಿಲ್ಲ. ಇಲ್ಲಿ ರಿಪೇರಿಯವರೊಬ್ಬರು ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕು) ಹಾಕಿ ಹೊಸ ವಿಂಡೋಸ್ ಹಾಕಿಕೊಡ್ತೀನಿ ಅಂದರು. ನನ್ನ ಹೆದರಿಕೆ ಏನೆಂದರೆ ಕಾರ್ಡಿನ ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್ 7ರ ಸಿಡಿ ಎಲ್ಲಿ ಹೋಯಿತೋ ಗೊತ್ತಿಲ್ಲ, ಹಳೇ ಫೈಲೆಲ್ಲ ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರಿನ ನುಡಿ 01 ಇ ಫಾಂಟಿನಲ್ಲಿವೆ, ಆ ಫಾಂಟಿಲ್ಲದೆ ತೆರೆದರೆ ಬರೀ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಕಾಣಿಸುತ್ತದೆ. ಇದ್ದದ್ದನ್ನು ಇದ್ದ ಹಾಗೇ ಹೊಸ ಡಿಸ್ಕಿಗೆ ಎತ್ತಿಡಲು ಆಗುತ್ತಾ? ನಿನ್ನೆ ರಾತ್ರಿ ಡಿಫ್ರಾಗ್ ಹಾಕಿದ್ದೆ, ಮೂವತ್ತು ಪರ್ಸೆಂಟಿಗೆ ನಿಂತಿದೆ.

ಹಳೇಪಾರ್ಟು:
ಮೊದಲು ಡಿಫ್ರಾಗ್ ನಿಲ್ಲಿಸಿ ಸಾರ್! ಸಾಯ್ತಾ ಇರುವ ಡಿಸ್ಕಿಗೆ ಡಿಫ್ರಾಗ್, ಚೆಕ್‌ಡಿಸ್ಕ್ (ಡಿಸ್ಕಿನ ತಪ್ಪು ಹುಡುಕಿ ಸರಿಪಡಿಸುವ ವಿಂಡೋಸಿನ ಸಾಧನ) ಎರಡೂ ಬೇಡ. ಡಿಫ್ರಾಗ್ ಎಂದರೆ ಇರುವ ಫೈಲನ್ನೆಲ್ಲ ಎತ್ತಿ ಇನ್ನೊಂದು ಕಡೆ ಬರೆಯುವುದು, ಜ್ವರ ಬಂದವನ ಕೈಲಿ ಮೂಟೆ ಹೊರಿಸಿದ ಹಾಗೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಡಿಸ್ಕಿನ ಆರೋಗ್ಯ ತೋರಿಸುವ ಒಂದು ಪುಕ್ಕಟೆ ಸಾಫ್ಟ್‌ವೇರ್ ಇದೆ, ಪೆನ್‌ಡ್ರೈವಿನಿಂದಲೇ ಓಡುತ್ತದೆ. ಅದರಲ್ಲಿ 05 ಮತ್ತು ಸಿ5 ಸಾಲುಗಳಲ್ಲಿ ಏನಿದೆ ಹೇಳಿ.

ಲಗ್ನಪತ್ರಿಕೆ:
ನಿಲ್ಲಿಸಿದೆ. ಹಳದಿ ಬಣ್ಣದಲ್ಲಿ ಕಾಶನ್ ಅಂತ ಬಂದಿದೆ. 05ರ ಮುಂದೆ ಸೊನ್ನೆಗಳಾದ ಮೇಲೆ 6ಎ, ಸಿ5ರ ಮುಂದೆ 18. ಇದೇನು 6ಎ?

ಹಳೇಪಾರ್ಟು:
ಅದು ಹೆಕ್ಸ್ ಲೆಕ್ಕ (ಹತ್ತರ ಬದಲು ಹದಿನಾರರ ಎಣಿಕೆ), ಎಲ್ಲರೂ ಒಮ್ಮೆ ಎಡವುವ ಜಾಗ ಇದು. 6ಎ ಅಂದರೆ 106, 18 ಅಂದರೆ 24. ಅಂದರೆ 106 ಸೆಕ್ಟರ್ (ಡಿಸ್ಕಿನ ಸಣ್ಣ ಸಣ್ಣ ತುಣುಕು) ಕೆಟ್ಟು ಅವುಗಳ ಬದಲು ಸ್ಪೇರ್ ಜಾಗ ಬಳಸಿಕೊಂಡಿದೆ, ಇನ್ನೂ 24 ಓದಲಾಗದೆ ಅನುಮಾನದಲ್ಲಿವೆ. ಇದು ಸರಿಹೋಗುವ ರೋಗವಲ್ಲ. ಎಸ್‌ಎಸ್‌ಡಿ ಮಾತು ಆಮೇಲೆ. ಇವತ್ತೇ ಒಂದು ಎಕ್ಸ್‌ಟರ್ನಲ್ ಡಿಸ್ಕ್ ತಂದು ಗಿರಾಕಿಗಳ ಫೋಲ್ಡರ್ ಮೊದಲು ಕಾಪಿ ಮಾಡಿ, ಜೊತೆಗೆ ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್ ಫೋಲ್ಡರ್ ಕೂಡ. ಸಿನಿಮಾ, ಹಾಡು ಎಲ್ಲ ಕೊನೆಗೆ.

ಸ್ಕ್ರೂಡ್ರೈವರ್:
ನಾನೂ ಹಳೇ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿದ್ದೆ, ಈಗ ರಾಕೆಟ್ ಥರ ಇದೆ. ಹಳೇ 5400 ಆರ್‌ಪಿಎಂ ಡಿಸ್ಕು ಸೆಕೆಂಡಿಗೆ 100 ಎಂಬಿ ಆಸುಪಾಸು ಓದಿದರೆ ಸಾಟಾ ಎಸ್‌ಎಸ್‌ಡಿ 500 ದಾಟುತ್ತದೆ, ಆದರೆ ನಿಜವಾದ ವ್ಯತ್ಯಾಸ ಸಣ್ಣ ಸಣ್ಣ ಫೈಲು ಓದುವಾಗ ಗೊತ್ತಾಗುತ್ತದೆ, ಬೂಟ್ ಆಗುವಾಗ ನಡೆಯುವುದು ಅದೇ. ಡಿವಿಡಿ ಡ್ರೈವ್ ಇದ್ದರೆ ತೆಗೆದು ಆ ಜಾಗಕ್ಕೆ ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) ಹಾಕಿ ಹಳೇ ಡಿಸ್ಕನ್ನೂ ಒಳಗೇ ಇಟ್ಟುಕೊಳ್ಳಿ. ಕ್ಯಾಡಿ 9.5 ಮಿ.ಮೀ, 12.7 ಮಿ.ಮೀ ಎರಡು ದಪ್ಪದಲ್ಲಿ ಬರುತ್ತದೆ, ಅಳೆದು ತಗೊಳ್ಳಿ.

ಹಳೇಪಾರ್ಟು:
ಕ್ಯಾಡಿ ಒಳ್ಳೇ ಐಡಿಯಾನೇ, ಆದರೆ ಕೆಟ್ಟ ಡಿಸ್ಕಿಗಲ್ಲ. ಅದನ್ನು ಒಳಗೆ ಬಿಟ್ಟರೆ ವಿಂಡೋಸ್ ಅದನ್ನು ಓದಲು ಕಾಯುತ್ತಾ ಹೊಸ ಎಸ್‌ಎಸ್‌ಡಿಯನ್ನೂ ನಿಧಾನ ಮಾಡಿಸುತ್ತದೆ.

ಮಲ್ನಾಡ್ ಮಳೆ:
ಸ್ವಲ್ಪ ನನ್ನ ಕಥೆ ಕೇಳಿ. ಕ್ಲೋನಿಂಗ್ (ಇಡೀ ಡಿಸ್ಕನ್ನು ಇದ್ದ ಹಾಗೇ ಇನ್ನೊಂದಕ್ಕೆ ಕಾಪಿ) ಮಾಡುವಾಗ ಯಾವುದರಿಂದ ಯಾವುದಕ್ಕೆ ಅಂತ ಕೇಳುತ್ತದಲ್ಲ, ಅಲ್ಲಿ ಉಲ್ಟಾ ಹೊಡೆದು ಖಾಲಿ ಎಸ್‌ಎಸ್‌ಡಿಯನ್ನು ಹಳೇ ಡಿಸ್ಕಿನ ಮೇಲೆ ಕಾಪಿ ಮಾಡಿದ್ದೆ. ಅಕ್ಕನ ಮಗಳ ನಾಮಕರಣದ ಫೋಟೊ ಪೂರ್ತಿ ಹೋಯಿತು, ಅಕ್ಕ ಇವತ್ತಿಗೂ ಆಡಿಕೊಳ್ಳುತ್ತಾಳೆ. ಒಂದು ಡಿಸ್ಕು 480 ಜಿಬಿ, ಇನ್ನೊಂದು 500 ಅಂತ ಹತ್ತಿರ ಹತ್ತಿರ ಇದ್ದಾಗ ಅವಸರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಡಿಸ್ಕಿನ ಮೇಲಿನ ಸೀರಿಯಲ್ ನಂಬರ್ ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡು ತಾಳೆ ನೋಡಿ.
ಇನ್ನೊಂದು ವಿಷಯ. 480 ಜಿಬಿ ಎಸ್‌ಎಸ್‌ಡಿ ತಗೊಂಡರೆ ವಿಂಡೋಸಿನಲ್ಲಿ 447 ತೋರಿಸುತ್ತದೆ, ನಿಮ್ಮ 500 ಜಿಬಿ 465. ಕ್ಲೋನ್‌ಜಿಲ್ಲಾ ಅನ್ನುವ ಕ್ಲೋನಿಂಗ್ ಸಾಫ್ಟ್‌ವೇರ್ ಸುಮ್ನೆ ಹಾಗೇ ಕೊಟ್ಟರೆ ಚಿಕ್ಕ ಡಿಸ್ಕಿಗೆ ಕಾಪಿ ಮಾಡಲ್ಲ ಅನ್ನುತ್ತದೆ. ಅದಕ್ಕೆ ಪಾರ್ಟಿಷನ್ (ಸಿ, ಡಿ ಅಂತ ಮಾಡಿದ ಡಿಸ್ಕಿನ ಭಾಗ) ಕುಗ್ಗಿಸಬೇಕು, ಕುಗ್ಗಿಸುವುದೆಂದರೆ ಮತ್ತೆ ಅದೇ ರೋಗದ ಡಿಸ್ಕಿನ ಮೇಲೆ ಕೆಲಸ. ದುಡ್ಡು ಸ್ವಲ್ಪ ಜಾಸ್ತಿಯಾದರೂ 1 ಟಿಬಿ ತಗೊಳ್ಳಿ.

ಹಳೇಪಾರ್ಟು:
ಸರಿಯಾಗಿ ಹೇಳಿದಿರಿ. ಓದಲಾಗದ ಸೆಕ್ಟರ್ ಇರುವಾಗ ಮಾಮೂಲಿ ಕ್ಲೋನಿಂಗ್ ಸಾಫ್ಟ್‌ವೇರ್ ಅರ್ಧದಲ್ಲಿ ಕೈಕೊಡಬಹುದು. ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಕೆಟ್ಟ ಡಿಸ್ಕಿನಿಂದ ಆದಷ್ಟೂ ಎತ್ತಿಕೊಡುವ ಜಿಎನ್‌ಯು ಡಿಡಿರೆಸ್ಕ್ಯೂ ಸಾಫ್ಟ್‌ವೇರ್ ಬಳಸಿ. ಅದು ಮೊದಲು ಸುಲಭವಾಗಿ ಓದಲಾಗುವ ಭಾಗವನ್ನೆಲ್ಲ ಎತ್ತಿಕೊಳ್ಳುತ್ತದೆ, ಹಟ ಮಾಡುವ ಜಾಗಕ್ಕೆ ಆಮೇಲೆ ಬರುತ್ತದೆ. ಎಲ್ಲೆಲ್ಲಿ ಓದಿ ಆಗಿದೆ ಅಂತ ಬರೆದಿಡುವ ಮ್ಯಾಪ್ ಫೈಲನ್ನು ಬೇರೆ ಪೆನ್‌ಡ್ರೈವಿನಲ್ಲಿ ಇಟ್ಟರೆ ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಸಬಹುದು. ಎಸ್‌ಎಸ್‌ಡಿಯನ್ನು ಸಾಟಾ ಟು ಯುಎಸ್‌ಬಿ ಕೇಬಲಿನಲ್ಲಿ ಹೊರಗೆ ಸಿಕ್ಕಿಸಿ, ಬೆಂಗಳೂರಿಗೆ ಬಂದರೆ ಎಸ್‌ಪಿ ರೋಡಿನಲ್ಲಿ ಆ ಕೇಬಲ್ ಸಿಗುತ್ತದೆ. ಮುಗಿದ ಮೇಲೆ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು ಡಿಸ್ಕ್ ಬದಲಿಸಿ. ಹಳೆಯದು 9.5 ಮಿ.ಮೀ ದಪ್ಪ ಇದ್ದು ಹೊಸದು 7 ಇದ್ದರೆ ಅಲ್ಲಾಡುತ್ತದೆ, ಕೆಲವು ಡಬ್ಬಿಗಳಲ್ಲಿ ಒಂದು ಪ್ಲಾಸ್ಟಿಕ್ ಫ್ರೇಮ್ ಕೊಟ್ಟಿರುತ್ತಾರೆ, ಅದನ್ನು ಎಸೆಯಬೇಡಿ.

ಸ್ಕ್ರೂಡ್ರೈವರ್:
ಆದರೂ ನಾನಾದರೆ ಹೊಸದಾಗಿ ವಿಂಡೋಸ್ ಹಾಕುತ್ತಿದ್ದೆ. ಲೈಸೆನ್ಸ್ ಬಹುಪಾಲು ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಡಿಸ್ಕ್ ಬದಲಿಸಿದರೆ ಹೋಗಲ್ಲ. ಹೇಗೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ಮುಗಿಯಿತು.

ಹಳೇಪಾರ್ಟು:
ಸಿಡಿ ಇಲ್ಲ ಅಂತ ಅವರೇ ಹೇಳಿದ್ದಾರಲ್ವಾ ಗುರು, ಪೇಜ್‌ಮೇಕರ್ ಎಲ್ಲಿಂದ ತರೋದು? ಅವರ ಹೊಟ್ಟೆಪಾಡು ಅದರಲ್ಲೇ ಇದೆ. ಕ್ಲೋನ್ ಮಾಡಿ ಕೆಲಸ ನಡೆಸಲಿ, ಬ್ಯಾಂಕು ಗೀಂಕು ಅದರಲ್ಲಿ ಬೇಡ. ರ‍್ಯಾಮು ಮಾತ್ರ 8 ಜಿಬಿ ಮಾಡಿಸಿ ಸಾರ್, 4ರಲ್ಲಿ ವಿಂಡೋಸ್ ಜಾಗ ಸಾಲದೆ ಡಿಸ್ಕಿಗೇ ಓಡುತ್ತಿರುತ್ತದೆ.

ಲಗ್ನಪತ್ರಿಕೆ (ಹತ್ತು ದಿನದ ಮೇಲೆ):
ಕೆಲಸ ಆಯಿತು. ಫೋಲ್ಡರ್ ಕಾಪಿಗೆ ಒಂದು ಇಡೀ ಸಂಜೆ ಹಿಡಿಯಿತು, ನಡುವೆ ಎರಡು ಸಲ ನಿಂತು ಎದೆ ಧಸಕ್ ಅಂದಿತ್ತು. ಡಿಡಿರೆಸ್ಕ್ಯೂ ರಾತ್ರಿ ಹಾಕಿ ಬಾಗಿಲು ಹಾಕಿಕೊಂಡು ಹೋದೆ, ಬೆಳಗ್ಗೆ ಬಂದಾಗ ಮುಗಿದಿತ್ತು, ಒಂದಿಷ್ಟು ಕೆಬಿ ಮಾತ್ರ ಓದಲಾಗಿಲ್ಲ. 1 ಟಿಬಿನೇ ಹಾಕಿದೆ. ಸೀರಿಯಲ್ ನಂಬರ್ ಚೀಟಿ ಬರೆದು ಮೂರು ಸಲ ನೋಡಿದೆ, ಮಲ್ನಾಡ್ ಮಳೆಯವರಿಗೆ ಥ್ಯಾಂಕ್ಸ್, ಅಕ್ಕನಿಗೂ. ಉಳಿದ ಜಾಗ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಖಾಲಿ ಕಾಣಿಸಿತು, ಅದನ್ನು ಇನ್ನೊಂದು ಡ್ರೈವ್ ಮಾಡಿಕೊಂಡೆ. ಪೇಜ್‌ಮೇಕರ್, ನುಡಿ ಎಲ್ಲ ಇದ್ದ ಹಾಗೇ ಇದೆ. ಎರಡು ಫೈಲು ತೆರೆಯುತ್ತಿಲ್ಲ, ಒಂದು ಯಾವುದೋ ಬಿಲ್ ಬುಕ್ಕು, ಇನ್ನೊಂದು ನನ್ನದೇ ಮದುವೆ ಕಾರ್ಡು. ಮನೆಯಲ್ಲಿ ಇನ್ನೂ ಹೇಳಿಲ್ಲ.